ಪೊಲೀಸ್ ಅಪ್ಪನಿಗೆ ಪದಕ: ಎಲ್ಲಿಂದ ಶುರು ಮಾಡಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು: ಹೆಡ್ ಕಾನ್‌ಸ್ಟೆಬಲ್ ಒಬ್ಬರ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ರಿಟೈರ್ ಆಗುವುದಕ್ಕೆ ಇನ್ನು ಜಾಸ್ತಿ ವರ್ಷ ಇಲ್ಲ. ಹೋದ ಮಳೆಗಾಲದಲ್ಲಿ, ವಾರದ ರಜೆಯ ದಿನ, ಅವರ ಕಣ್ಣೆದುರೇ ಒಂದು ಕಾರು ನಾಲೆಗೆ ಬಿತ್ತು. ನೀರಿಗೆ ಹಾರಿ ಇಬ್ಬರು ಮಕ್ಕಳನ್ನು ದಡಕ್ಕೆ ತಂದರು. ಅದಕ್ಕೆ ಸ್ವಲ್ಪ ಮುಂಚೆ, ಡ್ಯೂಟಿಯಲ್ಲಿದ್ದಾಗ ಸರಗಳ್ಳನನ್ನು ಹಿಡಿಯಲು ಹೋಗಿ ಕೈಗೆ ಚಾಕುವಿನ ಗಾಯ ಆಗಿತ್ತು. "ನಿಮ್ಮಪ್ಪನಿಗೆ ಮೆಡಲ್ ಬರಬೇಕು" ಅಂತ ಠಾಣೆಯವರೆಲ್ಲ ಹೇಳುತ್ತಾರೆ. ಆದರೆ ಮುಂದಿನ ಕೆಲಸ ಯಾರೂ ಶುರು ಮಾಡಿಲ್ಲ. ಅಪ್ಪ ತನಗಾಗಿ ಬಾಯಿ ಬಿಟ್ಟು ಕೇಳುವ ಮನುಷ್ಯ ಅಲ್ಲವೇ ಅಲ್ಲ. ಮನೆಯವರು ಏನಾದರೂ ಮಾಡಬಹುದಾ? ಯಾವ ಪದಕ, ಯಾರ ಹತ್ತಿರ ಹೋಗಬೇಕು? ಈ ದಾರಿಯಲ್ಲಿ ಓಡಾಡಿದವರು ದಯವಿಟ್ಟು ಹೇಳಿ.

ನಿವೃತ್ತ ಎಎಸ್‌ಐ, ಬಹಳ ವರ್ಷ ಠಾಣೆ ರೈಟರ್ (ಠಾಣೆಯ ದಾಖಲೆ, ಬರವಣಿಗೆ ನೋಡಿಕೊಳ್ಳುವವರು) ಆಗಿದ್ದವರು

ನೋಡಮ್ಮ, ಪೊಲೀಸ್ ಪದಕಗಳಿಗೆ ಮನೆಯವರು ಅರ್ಜಿ ಹಾಕುವ ಪದ್ಧತಿ ಇಲ್ಲ. ಶಿಫಾರಸು ಇಲಾಖೆಯ ಒಳಗಿಂದಲೇ ಹೊರಡಬೇಕು. ಠಾಣೆಯಿಂದ ಎಸ್ಪಿ ಆಫೀಸು, ಅಲ್ಲಿಂದ ಐಜಿಪಿ ಕಚೇರಿ, ಡಿಜಿ ಕಚೇರಿ, ರಾಜ್ಯದ ಗೃಹ ಇಲಾಖೆ, ಕೊನೆಗೆ ದೆಹಲಿಯ ಗೃಹ ಸಚಿವಾಲಯ. ಇಷ್ಟು ಮೇಜು ದಾಟುವ ಫೈಲಿನಲ್ಲಿ ನಿಮ್ಮಪ್ಪನನ್ನು ಬಲ್ಲವರು ಮೊದಲನೇ ಮೇಜಿನಲ್ಲಿ ಮಾತ್ರ ಇರುತ್ತಾರೆ. ಆಮೇಲಿನವರು ಕಾಗದ ನೋಡಿಯೇ ತೀರ್ಮಾನ ಮಾಡಬೇಕು. ಹಾಗಾಗಿ ಠಾಣೆಯಲ್ಲಿ ಬರೆದ ಟಿಪ್ಪಣಿ ಹೇಗಿದೆ ಅನ್ನುವುದರ ಮೇಲೆ ಮುಕ್ಕಾಲು ಭಾಗ ನಿಂತಿದೆ.

ನಾನು ಇಂಥ ಟಿಪ್ಪಣಿಗಳನ್ನು ಬರೆದಿದ್ದೇನೆ. ವಾಪಸ್ ಬಂದದ್ದನ್ನೂ ನೋಡಿದ್ದೇನೆ. "ಪ್ರಾಣದ ಹಂಗು ತೊರೆದು ಅಪ್ರತಿಮ ಧೈರ್ಯ ಮೆರೆದರು" ಅನ್ನುವ ಸಾಲು ಪ್ರತಿ ಫೈಲಿನಲ್ಲೂ ಇರುತ್ತದೆ. ಅದನ್ನು ಓದಿದವರಿಗೆ ಏನೂ ಕಾಣುವುದಿಲ್ಲ. ಕಳ್ಳರು ಎಷ್ಟು ಜನ? ಚಾಕು ಎಷ್ಟು ಉದ್ದ? ನಿಮ್ಮಪ್ಪನ ಕೈಯಲ್ಲಿ ಲಾಠಿ ಇತ್ತಾ, ಬರಿಗೈಯಾ? ಜೊತೆಗಿದ್ದ ಸಿಬ್ಬಂದಿ ಎಷ್ಟು ದೂರದಲ್ಲಿದ್ದರು? ಗಾಯ ಆದಮೇಲೂ ಹಿಡಿದ ಹಿಡಿತ ಬಿಡಲಿಲ್ಲವಾ? ಇದನ್ನು ಬರೆಯಬೇಕು. ಹಿಂದೆ ಸರಿದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ, ಆದರೂ ಸರಿಯಲಿಲ್ಲ ಅನ್ನುವುದು ಓದುವವರಿಗೆ ತಾನಾಗಿ ಗೊತ್ತಾಗಬೇಕು. ಹೊಗಳಿಕೆಯ ಮಾತು ಒಂದೂ ಬೇಡ.

ಅದರ ಜೊತೆ ಎಫ್‌ಐಆರ್ ಪ್ರತಿ, ಮಹಜರು, ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟ್, ಸರ ಕಳೆದುಕೊಂಡ ಹೆಂಗಸಿನ ಹೇಳಿಕೆ, ಆ ದಿನದ ಠಾಣಾ ದಿನಚರಿಯ ಪುಟ. ಇವೆಲ್ಲ ಒಂದೇ ಕಥೆ ಹೇಳಬೇಕು. ದಿನಚರಿಯಲ್ಲಿ ಒಂದು ಸಮಯ, ಎಫ್‌ಐಆರ್‌ನಲ್ಲಿ ಇನ್ನೊಂದು ಸಮಯ ಇದ್ದರೆ ಫೈಲು ಅಲ್ಲೇ ಕೂರುತ್ತದೆ. ಶೌರ್ಯ ಪದಕಕ್ಕೆ ಘಟನೆ ನಡೆದ ಒಂದು ವರ್ಷದೊಳಗೆ ಶಿಫಾರಸು ಹೋಗಬೇಕು. ನಿಮ್ಮಪ್ಪನ ವಿಷಯದಲ್ಲಿ ಈಗ ಮುಖ್ಯವಾದದ್ದು ಇದೇ. ಚಾಕುವಿನ ಘಟನೆಯ ತಾರೀಖು ಇವತ್ತೇ ನೋಡು.

ಇನ್ನೊಂದು ಮಾತು. ಅಪ್ಪನ ಸೇವಾ ಪುಸ್ತಕವನ್ನು ಒಮ್ಮೆ ತೆಗೆಸಿ ನೋಡಲು ಹೇಳು. ನಮ್ಮವರು ಪ್ರಶಂಸಾ ಪತ್ರಗಳನ್ನು ಮನೆಯ ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಸೇವಾ ಪುಸ್ತಕದಲ್ಲಿ ನಮೂದಾಗಿರುವುದೇ ಇಲ್ಲ. ನಮೂದಾಗದ ಬಹುಮಾನ ಮೇಲಿನವರ ಪಾಲಿಗೆ ಇಲ್ಲದ ಬಹುಮಾನ.

ಸೇವೆಯಲ್ಲಿರುವ ಪಿಎಸ್‌ಐ

ರೈಟರ್ ಸರ್ ಹೇಳಿದ್ದು ಸರಿ. ನಾನು ಒಂದು ವಿಷಯ ಸೇರಿಸುತ್ತೇನೆ. ಮೇಡಂ, ನಿಮ್ಮ ತಂದೆಯವರ ಎರಡು ಕೆಲಸಗಳನ್ನು ಒಂದೇ ಫೈಲಿನಲ್ಲಿ ಕಟ್ಟಬೇಡಿ. ಎರಡಕ್ಕೂ ದಾರಿ ಬೇರೆ.

ಚಾಕುವಿನ ಘಟನೆ ಡ್ಯೂಟಿಯಲ್ಲಿ ನಡೆದದ್ದು. ಜೀವ, ಆಸ್ತಿ ಉಳಿಸುವಾಗ, ಅಪರಾಧ ತಡೆಯುವಾಗ, ಅಪರಾಧಿಯನ್ನು ಹಿಡಿಯುವಾಗ ತೋರಿದ ಧೈರ್ಯಕ್ಕೆ ಶೌರ್ಯ ಪದಕ ಇದೆ. ನಾಲೆಯ ಘಟನೆ ರಜೆಯ ದಿನದ್ದು. ಅದಕ್ಕೆ ಸರಿ ಹೊಂದುವುದು ಜೀವನ್ ರಕ್ಷಾ ಪದಕ. 1961ರಲ್ಲಿ ಶುರುವಾದದ್ದು. ಮುಳುಗುವವರನ್ನು, ಬೆಂಕಿಯಲ್ಲಿ ಸಿಕ್ಕಿಕೊಂಡವರನ್ನು ಕಾಪಾಡಿದ ಯಾರಿಗೆ ಬೇಕಾದರೂ ಕೊಡಬಹುದು. ಪೊಲೀಸರಿಗೆ ಕೊಡಬೇಕಾದರೆ ಆ ಕೆಲಸ ಡ್ಯೂಟಿಯ ಹೊರಗೆ ನಡೆದಿರಬೇಕು. ಅಂದರೆ ವಾರದ ರಜೆ ಇಲ್ಲಿ ನಿಮ್ಮ ತಂದೆಯವರ ಪರವಾಗಿದೆ. ರಜೆ ಇತ್ತು ಅನ್ನುವುದಕ್ಕೆ ಡ್ಯೂಟಿ ಪಟ್ಟಿಯ ಪ್ರತಿ ಇಟ್ಟುಕೊಳ್ಳಿ. ಸರ್ವೋತ್ತಮ, ಉತ್ತಮ, ಜೀವನ್ ರಕ್ಷಾ ಅಂತ ಮೂರು ಹಂತ ಇದೆ. ಪದಕದ ಜೊತೆ ಕ್ರಮವಾಗಿ 2 ಲಕ್ಷ, 1.5 ಲಕ್ಷ, 1 ಲಕ್ಷ ರೂಪಾಯಿ ಕೊಡುತ್ತಾರೆ. ಹೆಸರು ರಾಜ್ಯ ಸರ್ಕಾರದ ಮೂಲಕ ಕೇಂದ್ರಕ್ಕೆ ಹೋಗುತ್ತದೆ. ಜಿಲ್ಲಾಡಳಿತದ ವರದಿ ಬಲವಾಗಿರಬೇಕು.

ಪದಕಗಳ ಹೆಸರಿನಲ್ಲಿ ತುಂಬ ಜನಕ್ಕೆ ಗೊಂದಲ ಆಗುತ್ತದೆ, ಯಾಕೆಂದರೆ ಇತ್ತೀಚೆಗೆ ಬದಲಾಗಿದೆ. 1951ರಿಂದ ಇದ್ದ ರಾಷ್ಟ್ರಪತಿ ಪೊಲೀಸ್ ಪದಕ, ಪೊಲೀಸ್ ಪದಕ, ಜೊತೆಗೆ ಅಗ್ನಿಶಾಮಕ, ಗೃಹರಕ್ಷಕ, ಕಾರಾಗೃಹ ಸಿಬ್ಬಂದಿಯ ಪದಕಗಳು ಎಲ್ಲ ಸೇರಿ 16 ಇದ್ದವು. ಅವನ್ನು ಕೂಡಿಸಿ ಈಗ ನಾಲ್ಕು ಮಾಡಿದ್ದಾರೆ. ರಾಷ್ಟ್ರಪತಿಗಳ ಶೌರ್ಯ ಪದಕ, ಶೌರ್ಯ ಪದಕ, ರಾಷ್ಟ್ರಪತಿಗಳ ವಿಶಿಷ್ಟ ಸೇವಾ ಪದಕ, ಶ್ಲಾಘನೀಯ ಸೇವಾ ಪದಕ. 2024ರ ಗಣರಾಜ್ಯೋತ್ಸವದ ಪಟ್ಟಿಯಲ್ಲಿ ಈ ಹೊಸ ಹೆಸರುಗಳೇ ಬಂದವು. ಶೌರ್ಯ ಒಂದು ಘಟನೆಗೆ. ಸೇವಾ ಪದಕ ಇಡೀ ಸರ್ವಿಸ್‌ಗೆ. ಕಾನ್‌ಸ್ಟೆಬಲ್‌ನಿಂದ ಡಿಜಿವರೆಗೆ ಯಾರಿಗಾದರೂ ಸಿಗಬಹುದು.

ಗುಂಡು ಹಾರಿಸಿದ ಪ್ರಕರಣಗಳಲ್ಲಿ ಪದಕ ತಡ ಆಯಿತು ಅಂತ ಬೇಜಾರು ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಎನ್‌ಕೌಂಟರ್ ಆದ ತಕ್ಷಣ ಶೌರ್ಯ ಪ್ರಶಸ್ತಿಯಾಗಲಿ ಬಡ್ತಿಯಾಗಲಿ ಕೊಡಬಾರದು, ಶೌರ್ಯ ಅನುಮಾನವಿಲ್ಲದೆ ಸಾಬೀತಾದ ಮೇಲೆ ಮಾತ್ರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ನನ್ನ ಮಟ್ಟಿಗೆ ಅದು ಒಳ್ಳೆಯ ನಿಯಮ. ಪದಕದ ಮರ್ಯಾದೆ ಉಳಿಯುವುದೇ ಅದರಿಂದ.

ಮುಖ್ಯಮಂತ್ರಿ ಪದಕ ಪಡೆದವರ ಮಗ

ಅಕ್ಕ, ದೆಹಲಿ ಒಂದನ್ನೇ ನೋಡಬೇಡಿ. ನಮ್ಮ ರಾಜ್ಯದ ಮುಖ್ಯಮಂತ್ರಿ ಪದಕ ಇದೆ, ಡಿಜಿ ಮತ್ತು ಐಜಿಪಿಯವರ ಪ್ರಶಂಸನಾ ಡಿಸ್ಕ್ ಇದೆ. ನಮ್ಮಪ್ಪ ಕೂಡ ಹೆಡ್ ಕಾನ್‌ಸ್ಟೆಬಲ್ಲೇ. ಅವರ ಹೆಸರು ಹೋಗುವ ಮುಂಚೆ ಸೇವಾ ದಾಖಲೆಯನ್ನು ಮೊದಲಿನಿಂದ ಜಾಲಾಡಿದರು. ಶಿಕ್ಷೆ ಆಗಿದೆಯಾ, ಇಲಾಖಾ ವಿಚಾರಣೆ ಬಾಕಿ ಇದೆಯಾ, ಕೇಸು ಇದೆಯಾ, ಎಲ್ಲ ನೋಡಿದರು. ಬಾಕಿ ಏನಾದರೂ ಇದ್ದರೆ ಮೊದಲು ಅದು ಮುಗಿಯಬೇಕು.

ಏಪ್ರಿಲ್ 2ರ ಪೊಲೀಸ್ ಧ್ವಜ ದಿನಾಚರಣೆಯಲ್ಲಿ ಅಪ್ಪ ಕವಾಯತಿನ ಸಾಲಿನಲ್ಲಿ ನಿಂತಿದ್ದರು. 1965ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದ ದಿನ ಅದು. ಐಪಿಎಸ್ ಅಧಿಕಾರಿಗಳು ನಿಂತ ಸಾಲಿನಲ್ಲೇ ಅಪ್ಪನೂ ಇದ್ದರು. ಅಷ್ಟು ವರ್ಷ ಬಂದೋಬಸ್ತ್‌ಗೆ ಹೋಗಿ ಬೇರೆಯವರ ಸಮಾರಂಭ ಕಾಯ್ದ ಮನುಷ್ಯ. ಅಮ್ಮ ಅವತ್ತು ಅತ್ತಿದ್ದು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಪ್ರಯತ್ನ ಬಿಡಬೇಡಿ.

ಕೇಳಿದವರು

ಎಲ್ಲರಿಗೂ ಕೈ ಮುಗಿಯುತ್ತೇನೆ. ರಜೆಯ ದಿನ ಆಗಿದ್ದರಿಂದ ನಾಲೆಯ ವಿಷಯಕ್ಕೆ ಬೆಲೆ ಇಲ್ಲವೇನೋ ಅಂದುಕೊಂಡಿದ್ದೆವು. ಚಾಕುವಿನ ಘಟನೆಗೆ ಇನ್ನೂ ವರ್ಷ ತುಂಬಿಲ್ಲ, ಆದರೆ ಹತ್ತಿರ ಬಂದಿದೆ. ಅಮ್ಮ ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಶೌರ್ಯ ಪದಕ ಬಂದರೆ ಮನೆಗೆ ಏನಾದರೂ ಅನುಕೂಲ ಇದೆಯಾ? ಕೇಳಲು ಸಂಕೋಚ ಪಡುತ್ತಿದ್ದಾರೆ.

ಮರಣೋತ್ತರ ಶೌರ್ಯ ಪದಕ ಪಡೆದವರ ಪತ್ನಿ

ಅಮ್ಮನಿಗೆ ಹೇಳಮ್ಮ, ಸಂಕೋಚ ಬೇಡ. ಇದು ಕೇಳಬೇಕಾದ ಪ್ರಶ್ನೆಯೇ. ಶೌರ್ಯ ಪದಕಕ್ಕೆ ತಿಂಗಳ ಭತ್ಯೆ ಇದೆ. ಸೇವಾ ಪದಕಗಳಿಗೆ ಇಲ್ಲ. ಪದಕ ಪಡೆದವರು ತೀರಿಕೊಂಡ ಮೇಲೂ ಭತ್ಯೆ ಹೆಂಡತಿಗೆ ಮುಂದುವರಿಯುತ್ತದೆ. ಆದರೆ ಅದು ತಾನಾಗಿ ಖಾತೆಗೆ ಬಂದು ಬೀಳುತ್ತದೆ ಅಂತ ಕೂರಬಾರದು. ಗೆಜೆಟ್ ಅಧಿಸೂಚನೆಯ ಪ್ರತಿ, ಮದುವೆಯ ದಾಖಲೆ, ಸೇವಾ ಪುಸ್ತಕದಲ್ಲಿ ನಿಮ್ಮ ಹೆಸರು, ಇವೆಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಥರ ಇರಬೇಕು. ನನ್ನ ಹೆಸರು ಒಂದು ಕಡೆ ಇನಿಷಿಯಲ್ ಜೊತೆ, ಇನ್ನೊಂದು ಕಡೆ ಇನಿಷಿಯಲ್ ಇಲ್ಲದೆ ಇತ್ತು. ಅಷ್ಟಕ್ಕೇ ತಿಂಗಳುಗಟ್ಟಲೆ ಓಡಾಡಿದೆ. ಗಂಡ ಹೋದ ದುಃಖದಲ್ಲಿ ಮಾಡುವ ಕೆಲಸ ಅಲ್ಲ ಅದು. ನಿಮ್ಮ ಮನೆಯಲ್ಲಿ ಅಪ್ಪ ಚೆನ್ನಾಗಿದ್ದಾರೆ, ದೇವರು ಹಾಗೇ ಇಟ್ಟಿರಲಿ. ಈಗಲೇ ಎಲ್ಲ ಕಾಗದ ಸರಿ ಮಾಡಿಸಿ.

ಪದಕವನ್ನು ರಾಜಭವನದ ಗಾಜಿನ ಮನೆಯಲ್ಲಿ ರಾಜ್ಯಪಾಲರ ಕೈಯಿಂದ ತೆಗೆದುಕೊಂಡೆ. ಮೊದಲು ಸೈಟೇಷನ್, ಅಂದರೆ ಪದಕ ಯಾವ ಕೆಲಸಕ್ಕೆ ಅನ್ನುವ ವಿವರ, ಓದಿದರು. ನಮ್ಮವರು ಕೊನೆಯ ಗಳಿಗೆಯಲ್ಲಿ ಏನು ಮಾಡಿದರು ಅನ್ನುವುದನ್ನು ನಾನು ಅಷ್ಟು ಪೂರ್ತಿಯಾಗಿ ಕೇಳಿದ್ದು ಅಲ್ಲೇ ಮೊದಲು. ಜೊತೆಯಲ್ಲಿದ್ದವರು ನನಗೆ ನೋವಾಗುತ್ತದೆ ಅಂತ ಅರ್ಧ ಮಾತ್ರ ಹೇಳಿದ್ದರು. ಮಗನೂ ಕೇಳಿಸಿಕೊಂಡ. ಅದನ್ನು ಬರೆದ ರೈಟರ್ ಯಾರೋ ಗೊತ್ತಿಲ್ಲ, ಅವರಿಗೆ ನಾನು ಋಣಿ. ಮೇಲೆ ಆ ಹಿರಿಯರು ಟಿಪ್ಪಣಿ ಬಗ್ಗೆ ಹೇಳಿದ್ದನ್ನು ಓದಿದಾಗ ಅದಕ್ಕೇ ಬರೆಯಬೇಕು ಅನ್ನಿಸಿತು.

ಮುಂಬೈಯ ತುಕಾರಾಂ ಓಂಬ್ಳೆ ಅವರ ವಿಷಯ ಎಲ್ಲರಿಗೂ ಗೊತ್ತು. ಎಎಸ್‌ಐ. 2008ರ ನವೆಂಬರ್ 26ರ ಮುಂಬೈ ದಾಳಿಯ ರಾತ್ರಿ ಲಾಠಿ ಹಿಡಿದು ನಿಂತಿದ್ದವರು ಭಯೋತ್ಪಾದಕ ಕಸಬ್‌ನ ಬಂದೂಕಿನ ನಳಿಗೆಯನ್ನೇ ಕೈಯಿಂದ ಹಿಡಿದುಕೊಂಡರು. 2009ರಲ್ಲಿ ಅಶೋಕ ಚಕ್ರ ಬಂತು, ಶಾಂತಿಕಾಲದ ಅತಿ ದೊಡ್ಡ ಶೌರ್ಯ ಪ್ರಶಸ್ತಿ ಅದು. ಸಂಸತ್ತಿನ ಮೇಲೆ 2001ರಲ್ಲಿ ದಾಳಿಯಾದಾಗ ಸಿಆರ್‌ಪಿಎಫ್‌ನ ಕಾನ್‌ಸ್ಟೆಬಲ್ ಕಮಲೇಶ್ ಕುಮಾರಿ ಎಲ್ಲರನ್ನೂ ಎಚ್ಚರಿಸಿ ಪ್ರಾಣ ಕೊಟ್ಟರು. ಅವರಿಗೂ ಅಶೋಕ ಚಕ್ರ. ಇಬ್ಬರೂ ದೊಡ್ಡ ಹುದ್ದೆಯವರಲ್ಲ. ಪದಕ ಅಂದರೆ ಸಾಹೇಬರಿಗೆ ಮಾತ್ರ ಅಂತ ಯಾರಾದರೂ ನಿಮ್ಮಪ್ಪನಿಗೆ ಹೇಳಿದರೆ ಈ ಎರಡು ಹೆಸರು ಹೇಳಿ.

ಪದಕ ಬಾರದವರ ಮಗಳು

ನಮ್ಮಪ್ಪನ ಹೆಸರು ಹೋಗಿತ್ತು, ಬರಲಿಲ್ಲ. ಪ್ರತಿ ಜನವರಿ 26ಕ್ಕೆ, ಆಗಸ್ಟ್ 15ಕ್ಕೆ ಪಟ್ಟಿ ಬಂದಾಗ ಸುಮ್ನೆ ಪೇಪರ್ ತಿರುವಿ ಹಾಕುತ್ತಿದ್ದರು. ನಾವು ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆವು. ಆದ್ದರಿಂದ ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಶಿಫಾರಸು ಹೋದ ವಿಷಯವನ್ನು ನೆಂಟರಿಗೆಲ್ಲ ಮೊದಲೇ ಹೇಳಬೇಡಿ. "ಬಂತಾ, ಬಂತಾ" ಅಂತ ಕೇಳುವವರಿಗೆ ಉತ್ತರ ಕೊಡಬೇಕಾದವರು ಅಪ್ಪನೇ.

ನಿವೃತ್ತ ಎಎಸ್‌ಐ

ಈ ಮಗಳು ಹೇಳಿದ್ದು ನಿಜ. ಎಷ್ಟೋ ಒಳ್ಳೆಯ ಕೆಲಸಗಾರರ ಎದೆಯ ಮೇಲೆ ಏನೂ ಇಲ್ಲದೆ ನಿವೃತ್ತಿ ಆಯಿತು. ನನಗೆ ಅದರ ನೋವಿದೆ. ಅದಕ್ಕೇ ಫೈಲು ಸರಿಯಾಗಿ ಹೋಗಬೇಕು ಅಂತ ಇಷ್ಟು ಹಟ.

ನೋಡಮ್ಮ, ಈ ವಾರ ಏನು ಮಾಡಬೇಕು ಹೇಳುತ್ತೇನೆ. ಚಾಕುವಿನ ಘಟನೆಗೆ ಸಮಯ ಕಡಿಮೆ, ಅದು ಮೊದಲು. ನಿಮ್ಮಪ್ಪ ಕೇಳುವುದಿಲ್ಲ ಅಂದರೆ ಅವರ ಜೊತೆ ಅವತ್ತು ಇದ್ದ ಸಿಬ್ಬಂದಿ ಇನ್‌ಸ್ಪೆಕ್ಟರ್ ಹತ್ತಿರ ಹೋಗಲಿ. ಜೊತೆಗಾರ ಬಾಯಿ ಬಿಟ್ಟರೆ ಅಧಿಕಾರಿಗಳು ಕೇಳುತ್ತಾರೆ. ಟಿಪ್ಪಣಿ ಬರೆಯುವಾಗ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕೇಳಲಿ, ತಾನಾಗಿ ಅವರು ಹೇಳಲ್ಲ.

ನಾಲೆಯ ವಿಷಯದಲ್ಲಿ ನೀವು ಆ ಮಕ್ಕಳ ತಂದೆತಾಯಿಯನ್ನು ಹುಡುಕಿ. ಅವರು ತಮ್ಮ ಮಾತಿನಲ್ಲಿ, ತಮ್ಮ ಕೈಬರಹದಲ್ಲೇ ಆದರೂ ಸರಿ, ಜಿಲ್ಲಾಧಿಕಾರಿಗೆ ಒಂದು, ಎಸ್ಪಿಯವರಿಗೆ ಒಂದು ಪತ್ರ ಬರೆಯಲಿ. ಜಾಗ, ದಿನ, ಸಮಯ, ನೀರು ಎಷ್ಟು ಆಳ ಇತ್ತು, ಅಪ್ಪ ಎಷ್ಟು ಸಲ ಒಳಗೆ ಇಳಿದರು, ಎಲ್ಲ ಇರಲಿ. ದಡದಲ್ಲಿ ನಿಂತು ನೋಡಿದವರ ಹೆಸರು, ಸಹಿ ಸೇರಿಸಿ. ಅವತ್ತಿನ ಪೇಪರ್ ತುಣುಕು ಇದ್ದರೆ ಅದೂ ಇರಲಿ. ಎರಡೂ ಕಚೇರಿಯಲ್ಲಿ ಸ್ವೀಕೃತಿ ಸೀಲು ಹಾಕಿಸಿಕೊಂಡು ಪ್ರತಿ ಇಟ್ಟುಕೊಳ್ಳಿ. ಟಿಪ್ಪಣಿಯ ಕರಡು ತಯಾರಾದ ಮೇಲೆ ಹೆಸರು, ಊರು ಅಳಿಸಿ ಇಲ್ಲಿ ಹಾಕು. ನಾನು ಓದಿ ಹೇಳುತ್ತೇನೆ.