ಸಹಾಯ ಬೇಕು: ತುಮಕೂರಲ್ಲಿ ವೀಲ್‌ಚೇರ್ ಹೋಗುವಂಥ ಪಾರ್ಕ್, ಕಾಡುದಾರಿ ಯಾವುದಿದೆ?

ಎಲ್ಲರಿಗೂ ನಮಸ್ಕಾರ. ನಾವಿರೋದು ಕ್ಯಾತ್ಸಂದ್ರದ ಹತ್ರ. ಭಾನುವಾರ ಅಮ್ಮನನ್ನೂ ಅಕ್ಕನ ಮಕ್ಕಳನ್ನೂ ಎಲ್ಲಾದ್ರೂ ಹೊರಗಡೆ ಕರ್ಕೊಂಡು ಹೋಗಬೇಕು. ಅಮ್ಮನಿಗೆ ಸೊಂಟದ ಆಪರೇಷನ್ ಆಗಿದೆ. ಕೈ ಹಿಡಿದರೆ ನಾಲ್ಕು ಹೆಜ್ಜೆ ನಡೀತಾರೆ, ಮೆಟ್ಟಿಲು ಮಾತ್ರ ಆಗಲ್ಲ.

ದೇವರಾಯನದುರ್ಗ ಅಂತ ಥಟ್ಟನೆ ಹೇಳಬೇಡಿ ಪ್ಲೀಸ್. ಕೆಳಗಿನ ಭೋಗ ನರಸಿಂಹನ ದರ್ಶನ ಹೇಗೋ ಮಾಡಿಸಬಹುದು, ಬೆಟ್ಟದ ಮೇಲಿನ ಯೋಗ ನರಸಿಂಹನಿಗೆ ಮೆಟ್ಟಿಲು ಹತ್ತಲೇಬೇಕು. ನನಗೆ ಕಣ್ಣಿರೋದು ದಾರಿಯಲ್ಲಿ ಸಿಗೋ ನಾಮದ ಚಿಲುಮೆ ಮೇಲೆ. ಮಕ್ಕಳು ಜಿಂಕೆ ನೋಡ್ತಾರೆ. ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ಚಿಮ್ಮಿಸಿದ ಕಥೆಯನ್ನ ಅಲ್ಲೇ ಕೂತು ಮೊಮ್ಮಕ್ಕಳಿಗೆ ಹೇಳಬೇಕು ಅಂತ ಅಮ್ಮನಿಗೂ ಆಸೆ.

ಗೇಟಿನಿಂದ ಚಿಲುಮೆವರೆಗೆ ನೆಲ ಹೇಗಿದೆ? ಸಿಮೆಂಟಾ, ಮಣ್ಣಾ, ಜಲ್ಲಿನಾ? ಜಲ್ಲಿ ಇದ್ರೆ ಮುಂದಿನ ಪುಟ್ಟ ಚಕ್ರ ಹೂತುಕೊಂಡು ಕುರ್ಚಿ ಮುಗ್ಗರಿಸುತ್ತೆ, ತಿರುಗಿಸಿ ಹಿಂದಕ್ಕೆ ಎಳ್ಕೊಂಡೇ ಹೋಗಬೇಕು. ಸ್ವಲ್ಪ ದೂರ ಆದ್ರೆ ಸರಿ, ದಾರಿ ಪೂರ್ತಿ ಅಂದ್ರೆ ನನ್ನ ತೋಳು ಬಿದ್ದುಹೋಗುತ್ತೆ.

ಅದಾಗದಿದ್ರೆ ಅಮಾನಿಕೆರೆ ಪಾರ್ಕ್. ಬೈಕ್ ನುಗ್ಗಬಾರದು ಅಂತ ಎಷ್ಟೋ ಪಾರ್ಕಿನ ಗೇಟಲ್ಲಿ ಅಡ್ಡ ಕಂಬಿ ಹಾಕಿರ್ತಾರೆ, ಬೈಕ್ ಹೇಗೋ ನುಗ್ಗುತ್ತೆ, ವೀಲ್‌ಚೇರ್ ನುಗ್ಗಲ್ಲ! ಅಲ್ಲಿ ಹೇಗೆ? ನಮ್ಮ ಕುರ್ಚಿ 26 ಇಂಚು ಅಗಲ.

ಕಮೋಡ್ ಇರೋ ಶೌಚಾಲಯ ಎಲ್ಲಿದೆ ಅಂತಾನೂ ಹೇಳಿ. ಬೀಗ ಹಾಕಿರಬಾರದು, ಅಷ್ಟೇ. ಕೋತಿಗಳ ಕಾಟ ಗೊತ್ತು, ಚಿತ್ರಾನ್ನ ಕಾರಲ್ಲೇ ತಿಂತೀವಿ.

ಇತ್ತೀಚೆಗೆ ಹೋಗಿಬಂದವರು ಒಂದು ಫೋಟೋ ಹಾಕಿದ್ರೂ ಸಾಕು. ಜಿಂಕೆದು ಬೇಡ, ದಾರಿದು.