ಬೇಸ್‌ಮೆಂಟಿನ ಎಸ್‌ಟಿಪಿ: ಆಪರೇಟರ್‌ಗಳ ಸುರಕ್ಷತೆಗೆ ಏನೇನು ಬೇಕು?

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಬೇಸ್‌ಮೆಂಟಿನಲ್ಲಿದೆ. ಇಬ್ಬರು ಆಪರೇಟರ್‌ಗಳು. ಮಾಸ್ಕು, ಗ್ಲೌಸು ಕೊಟ್ಟರೆ ಸಾಕು ಅಂತಾರೆ ಗುತ್ತಿಗೆದಾರರು. ನಿಜಕ್ಕೂ ಏನು ಬೇಕು? ತಿಳಿದವರು ಹೇಳಿ.

ಉತ್ತರ: ಸರ್, ಮೊದಲು ಗ್ಯಾಸಿನ ವಿಚಾರ. ಪ್ರಾಣ ತೆಗೆಯುವುದು ಅದೇ. ಕೊಳಚೆ ಬಂದು ಸೇರುವ ಕಲೆಕ್ಷನ್ ಟ್ಯಾಂಕಿನಲ್ಲಿ, ಹೂಳು ತುಂಬುವ ಸ್ಲಡ್ಜ್ ಟ್ಯಾಂಕಿನಲ್ಲಿ ಗಾಳಿಯಾಡದೆ ನಿಂತ ಕೊಳಚೆ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಗಾಳಿಗಿಂತ ಭಾರ, ತಳ ಹಿಡಿದು ಕೂರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಕಡಿಮೆ ಇದ್ದಾಗ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ತಲುಪಿದರೆ ಮೂಗೇ ಮರಗಟ್ಟುತ್ತದೆ. ‘ವಾಸನೆ ಹೋಯ್ತು’ ಅಂತ ಇಳಿಯುವುದು ಆಗಲೇ. ಎನ್95 ಮಾಸ್ಕು ಗ್ಯಾಸನ್ನು ತಡೆಯುವುದಿಲ್ಲ.

ನಾಲ್ಕು ಬಗೆಯ ಗ್ಯಾಸನ್ನು ಒಟ್ಟಿಗೆ ಅಳೆಯುವ ಮೀಟರು ಕೊಳ್ಳಿ. ಮುಚ್ಚಳ ತೆಗೆದು ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಅಳೆಯಬೇಕು. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆ ಇದ್ದರೆ, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ಮುಟ್ಟಿದರೆ ಯಾರೂ ಒಳಗೆ ಕಾಲಿಡಬಾರದು. ಹೈಡ್ರೋಜನ್ ಸಲ್ಫೈಡ್ ಸೊನ್ನೆ ತೋರಿಸಿದರೂ ಮೀಟರನ್ನು ಅಂಗಿಗೆ ಸಿಕ್ಕಿಸಿಕೊಂಡೇ ಇರಬೇಕು. ಹೂಳು ಕಲಕಿದ ಕ್ಷಣ ಅದರೊಳಗೆ ಸಿಕ್ಕಿಕೊಂಡಿದ್ದ ಗ್ಯಾಸು ಒಮ್ಮೆಲೇ ಮೇಲೇಳುತ್ತದೆ.

ಉತ್ತರ: ನನ್ನ ಪ್ರಕಾರ ಟ್ಯಾಂಕಿಗೆ ಇಳಿಯುವ ಪ್ರಸಂಗವೇ ಬರಬಾರದು. ಸಬ್‌ಮರ್ಸಿಬಲ್ ಪಂಪಿಗೆ ಗೈಡ್ ರೈಲು, ಚೈನು ಹಾಕಿಸಿ, ಮೇಲಿಂದಲೇ ಎತ್ತಬಹುದು. ಪಂಪು ಕಟ್ಟಿಕೊಳ್ಳುವುದು ಹೆಚ್ಚಾಗಿ ವೈಪ್ಸ್, ಪ್ಯಾಡು, ಕೂದಲಿನಿಂದ. ಕಸ ತಡೆಯುವ ಸರಳುಗಳ ಜಾಲರಿ, ಅಂದರೆ ಬಾರ್ ಸ್ಕ್ರೀನ್, ದಿನಾ ಕೆರೆಯಿಸಿ. ಹೂಳಿಗೆ ಸಕ್ಕಿಂಗ್ ಮಶೀನು ಕರೆಸಿ. ಒಬ್ಬರು ಒಳಗೆ ಕುಸಿದರೆ ಇನ್ನೊಬ್ಬರು ಹಿಂದೆಯೇ ಇಳಿಯಕೂಡದು, ಎರಡನೇ ಸಾವು ಆಗುವುದು ಹಾಗೆಯೇ. ಬ್ಲೋವರಿನಿಂದ ಹೊರಗಾಳಿ ಊದಿ, 112ಕ್ಕೆ ಫೋನ್ ಮಾಡಿ. ಕಮಿಟಿಯವರು ಖರ್ಚಿಗೆ ಹಿಂಜರಿದರೆ 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್ ನಿಷೇಧ ಕಾಯ್ದೆ ತೋರಿಸಿ. ಒಳಚರಂಡಿ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಉತ್ತರ: ಲಸಿಕೆ ಮರೆಯಬೇಡಿ. ಹೆಪಟೈಟಿಸ್ ಬಿ ಮೂರು ಡೋಸು: ಮೊದಲನೆಯದು, ತಿಂಗಳ ನಂತರ, ಆರು ತಿಂಗಳಿಗೆ. ಧನುರ್ವಾಯುವಿನದು ಹತ್ತು ವರ್ಷಕ್ಕೊಮ್ಮೆ. ಹೆಪಟೈಟಿಸ್ ಎ, ಟೈಫಾಯ್ಡ್ ಬಗ್ಗೆ ಡಾಕ್ಟರನ್ನು ಕೇಳಿ. ಇಲಿಜ್ವರಕ್ಕೆ ಇಲ್ಲಿ ಲಸಿಕೆ ಹಾಕುವ ರೂಢಿಯಿಲ್ಲ. ಹಾಗಾಗಿ ಸಣ್ಣ ಗಾಯವಿದ್ದರೂ ನೀರು ಇಳಿಯದ ಪಟ್ಟಿ ಹಾಕಿ, ಮೊಣಕಾಲುದ್ದದ ಗಮ್‌ಬೂಟು ತೊಡಬೇಕು. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪಗಾದರೆ ಇಲಿಜ್ವರ ಇರಬಹುದು, ಅಂದೇ ಆಸ್ಪತ್ರೆಗೆ ಕಳಿಸಿ. ‘ಎಸ್‌ಟಿಪಿ ಕೆಲಸ’ ಅಂತ ಡಾಕ್ಟರಿಗೆ ಹೇಳಲೇಬೇಕು, ಇಲ್ಲವಾದರೆ ವೈರಲ್ ಜ್ವರ ಅಂದುಕೊಂಡು ದಿನ ಕಳೆದುಹೋಗುತ್ತದೆ.

ಉತ್ತರ: ಇನ್ನೊಂದು. ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರವ) ಇದ್ದ ಡ್ರಮ್ಮನ್ನು ತೊಳೆಯದೆ ಅದಕ್ಕೇ ಮೆಂಬ್ರೇನ್ (ನೀರು ಸೋಸುವ ಪದರ) ತೊಳೆಯುವ ಆಸಿಡ್ ಸುರಿದರೆ ಕ್ಲೋರಿನ್ ಗ್ಯಾಸು ಏಳುತ್ತದೆ. ಎರಡಕ್ಕೂ ಬೇರೆ ಬಣ್ಣದ ಡ್ರಮ್ಮು, ಬೇರೆ ಮೂಲೆ, ಬೇರೆ ಮಗ್ಗು ಇಡಿ.