ಕಾಕಾ, ಮಾನಿಟರ್ ಈಗಲೇ ತರಬೇಡಿ

ಕಾಕಾ, ನಮಸ್ಕಾರ. ಅಂಗಡಿಯಲ್ಲಿದ್ದೇನೆ, ಹಿಂದೆ ಪ್ರಿಂಟರ್ ಸದ್ದು ಕೇಳುತ್ತದೆ, ಸ್ವಲ್ಪ ಸಹಿಸಿಕೊಳ್ಳಿ. ರಾತ್ರಿ ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ವಿಂಡೋ ಎಳೆದರೆ ಹಿಂದೆ ಅದರದೇ ಅಚ್ಚು ಉಳಿಯುತ್ತದೆ, ಐಕಾನ್ ಇರಬೇಕಾದ ಕಡೆ ಕಪ್ಪು ಚೌಕ. ಬಾಗಲಕೋಟೆಯ ಅಂಗಡಿಯವರು ಹೊಸ ಮಾನಿಟರ್ ತಗೊಳ್ಳಿ ಅಂದರು ಅಂತ ಬರೆದಿದ್ದೀರಿ. "ಗೋಲಗುಮ್ಮಟದಲ್ಲಿ ಕೂಗಿದ ಹಾಗೆ ಒಂದಕ್ಕೆ ಏಳು" ಅಂತ ಕಾಕು ಬರೆದದ್ದು ಓದಿ ಇಲ್ಲಿ ಎಲ್ಲರೂ ನಕ್ಕೆವು.

ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ನೀವು ಫೋನಿನಿಂದ ತೆಗೆದ ಫೋಟೋ ಕಳಿಸಿದ್ದೀರಿ, ಅದು ಬೇಡ. ಪರದೆ ಕೆಟ್ಟದಾಗಿ ಕಾಣುವಾಗಲೇ ಪ್ರಿಂಟ್ ಸ್ಕ್ರೀನ್ ಕೀ ಒತ್ತಿ, ಪೇಂಟ್‌ನಲ್ಲಿ ಪೇಸ್ಟ್ ಮಾಡಿ, ಆ ಚಿತ್ರವನ್ನು ಇಲ್ಲಿಗೆ ಕಳಿಸಿ. ನಮ್ಮ ಫೋನಲ್ಲೂ ಕಪ್ಪು ಚೌಕ ಕಂಡರೆ ನಿಮ್ಮ ಮಾನಿಟರ್ ಪಾಪ, ಅದರ ತಪ್ಪಿಲ್ಲ. ಚಿತ್ರ ಬರೆಯುವ ಕಾರ್ಡೋ, ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರೋ ಎಡವುತ್ತಿದೆ. ಚಿತ್ರ ಚೊಕ್ಕಟವಾಗಿ ಬಂದರೆ ಮಾತ್ರ ಕೇಬಲ್, ಮಾನಿಟರ್ ಮೇಲೆ ಅನುಮಾನ ಜಾಸ್ತಿ.

ನನಗೆ ಇದು ಹೇಗೆ ಗೊತ್ತು ಅಂದರೆ, ಹೋದ ಲಗ್ನದ ಸೀಸನ್‌ನಲ್ಲಿ ನಾನೇ ಬೇಸ್ತು ಬಿದ್ದೆ. ಲಗ್ನಪತ್ರಿಕೆ ಮಾಡುತ್ತಿದ್ದೆ, ಹುಡುಗಿಯ ಅಪ್ಪ ಪಕ್ಕದಲ್ಲೇ ಸ್ಟೂಲ್ ಮೇಲೆ ಕೂತಿದ್ದರು. ಗಣಪತಿ ಚಿತ್ರ ಮೇಲಕ್ಕೆ ಸರಿಸಿದರೆ ಸೊಂಡಿಲು ಕೆಳಗೇ ಉಳಿಯಿತು. ಅವರಿಗೆ ಅಪಶಕುನ ಅನ್ನಿಸಿಬಿಟ್ಟಿತು! ಸುಮ್ನೆ ಒಂದು ಪ್ರಿಂಟ್ ಕೊಟ್ಟು ನೋಡಿದೆ, ಗಣಪತಿ ಪೂರ್ತಿ ಬಂದ. ಅಂದರೆ ಫೈಲ್ ಸರಿ ಇದೆ, ತೋರಿಸುವುದು ಮಾತ್ರ ತಪ್ಪು. ಆದರೂ ನಾನು ದಡ್ಡ, ಮೊದಲು ಹೊಸ ಕೇಬಲ್ ತಂದೆ. ಕೊನೆಗೆ ನೋಡಿದರೆ ಡ್ರೈವರ್ ತಾರೀಖು 2015ರದು.

ನಿಮ್ಮದನ್ನೂ ನೋಡಿ. ಸ್ಟಾರ್ಟ್ ಗುಂಡಿ ಮೇಲೆ ರೈಟ್ ಕ್ಲಿಕ್, ಡಿವೈಸ್ ಮ್ಯಾನೇಜರ್, ಡಿಸ್‌ಪ್ಲೇ ಅಡಾಪ್ಟರ್ಸ್, ಕಾರ್ಡ್ ಹೆಸರಿನ ಮೇಲೆ ಎರಡು ಸಲ ಒತ್ತಿ, ಡ್ರೈವರ್ ಅನ್ನೋ ಪುಟದಲ್ಲಿ ತಾರೀಖು ಇರುತ್ತದೆ. ಅಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತಿದ್ದು, ತಾರೀಖು 2006 ಅಂತ ಕಂಡರೆ ಗಾಬರಿ ಬೇಡ. ಕಂಪನಿಯ ಡ್ರೈವರ್ ಸಿಕ್ಕರೆ ಅದಕ್ಕೇ ಮೊದಲ ಜಾಗ ಸಿಗಲಿ ಅಂತ ಮೈಕ್ರೋಸಾಫ್ಟ್‌ನವರು ಬೇಕಂತಲೇ ಹಳೇ ತಾರೀಖು ಹಾಕುತ್ತಾರೆ. ಆದರೆ ನಿಮ್ಮ ಕಾರ್ಡಿಗೆ ಅದರದೇ ಡ್ರೈವರ್ ಕೂತಿಲ್ಲ ಅಂತ ಅರ್ಥ.

ನಿಮ್ಮ ಕಾರ್ಡ್ ಎನ್ವಿಡಿಯಾ ಕಂಪನಿಯ ಜಿಟಿ 710 ಅಂತ ನೆನಪು, ಸೆಕೆಂಡ್ ಹ್ಯಾಂಡ್ ತಂದದ್ದು ಅಲ್ವಾ? ಹಾಗಿದ್ದರೆ ಎಲ್ಲಕ್ಕಿಂತ ಹೊಸ ಡ್ರೈವರ್ ಹುಡುಕಬೇಡಿ, ಅದು ಕೂರುವುದೇ ಇಲ್ಲ. ಆ ತಲೆಮಾರಿನ ಕಾರ್ಡಿಗೆ 470 ಸರಣಿಯ ಡ್ರೈವರೇ ಕೊನೆ. ಎನ್ವಿಡಿಯಾದವರ ಸ್ವಂತ ಸೈಟಿಗೆ ಹೋಗಿ, ಕಾರ್ಡ್ ಹೆಸರು, ವಿಂಡೋಸ್ ಯಾವುದು ಅಂತ ಆರಿಸಿದರೆ ಸರಿಯಾದದ್ದೇ ಸಿಗುತ್ತದೆ. "ನಿಮ್ಮ 38 ಡ್ರೈವರ್ ಹಳೆಯದಾಗಿವೆ" ಅಂತ ಕೆಂಪಗೆ ಹೆದರಿಸುವ ಜಾಹೀರಾತು ಒತ್ತಲೇಬೇಡಿ. ಹಾಕಿದ ಮೇಲೆ ಇನ್ನೂ ಕೆಟ್ಟರೆ, ಡಿವೈಸ್ ಮ್ಯಾನೇಜರಿನ ಅದೇ ಡ್ರೈವರ್ ಪುಟದಲ್ಲಿ ಹಳೆಯದಕ್ಕೆ ಮರಳುವ ರೋಲ್ ಬ್ಯಾಕ್ ಗುಂಡಿ ಇದೆ.

ಅಲ್ಲಿವರೆಗೆ ಕೆಲಸ ನಿಲ್ಲಬಾರದು ಅಂದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ನಾಲ್ಕೂ ಒಟ್ಟಿಗೆ ಒತ್ತಿ. ಪರದೆ ಕಣ್ಣು ಮಿಟುಕಿಸಿ ವಾಪಸ್ ಬರುತ್ತದೆ. ಡ್ರೈವರ್ ಮತ್ತೆ ಶುರುವಾಗುತ್ತದೆ, ತೆರೆದ ಫೈಲ್ ಹೋಗುವುದಿಲ್ಲ. ಆದರೂ ಮೊದಲು ಸೇವ್ ಮಾಡಿಕೊಳ್ಳಿ.

ಹಾಂ, ಇನ್ನೊಂದು. ಕಂಪ್ಯೂಟರ್ ಹಚ್ಚಿದ ಕೂಡಲೇ, ವಿಂಡೋಸ್ ಬರುವ ಮೊದಲೇ ಗೆರೆ ಕಂಡರೆ ಡ್ರೈವರ್ ಬದಲಿಸಿ ಪ್ರಯೋಜನ ಇಲ್ಲ. ಆಗ ಕೇಬಲ್ ಬಿಚ್ಚಿ ಗಟ್ಟಿಯಾಗಿ ಹಾಕಿ. ಪ್ಲಗ್ ತೆಗೆದು ಪಕ್ಕದ ಮುಚ್ಚಳ ಬಿಚ್ಚಿ, ಕಾರ್ಡಿನ ಫ್ಯಾನ್ ಇದ್ದರೆ ಧೂಳು ನೋಡಿ. ಧೂಳು ಕೂತರೆ ಕಾರ್ಡ್ ಬಿಸಿಯಾಗುತ್ತದೆ, ನಿಮ್ಮ ಕಡೆ ಬೇಸಿಗೆಯ ಬಿಸಿಲು ಬೇರೆ ಏನು ಕಡಿಮೆಯೇ! ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಿನಿಂದ ಒತ್ತಿ ಹಿಡಿಯಿರಿ.

ಗಿರಾಕಿ ಬಂದರು, ಇಡುತ್ತೇನೆ. ಪೇಂಟ್ ಚಿತ್ರ ಮತ್ತು ಆ ತಾರೀಖು ಎರಡನ್ನೂ ಹಾಕಿ, ರಾತ್ರಿ ಅಂಗಡಿ ಮುಚ್ಚಿ ನೋಡುತ್ತೇನೆ.